ಬೀಗದ ಕೈ ಬಂದಾಗ



ಮಧ್ಯಾಹ್ನದ ಊಟ ಮುಗಿದು, ಪಾತ್ರೆ ತೊಳೆದು ಬೋರಲು ಹಾಕಿ, ಸಂಜೆಯ ಕಾಫಿಗೆ ಇನ್ನೂ ಹೊತ್ತಿದೆ ಅನ್ನುವಾಗ ನಮ್ಮಲ್ಲಿ ಎಷ್ಟೋ ಜನ ಕೈಗೆ ಎತ್ತಿಕೊಳ್ಳುವುದು ಒಂದು ಕಾದಂಬರಿಯನ್ನು. ಓದಿ ಮುಗಿಸಿ ಪಕ್ಕದ ಮನೆಯವರಿಗೆ ಕೊಡುವಾಗ ಅವರು ಕೇಳುವ ಮೊದಲ ಪ್ರಶ್ನೆ, "ಕಥೆ ಹ್ಯಾಗಿದೆ?" ಎರಡನೆಯದು, "ಅವಳು ಒಳ್ಳೆಯವಳೋ, ಕೆಟ್ಟವಳೋ?" ಈ ಎರಡನೆಯ ಪ್ರಶ್ನೆಗೆ ತಟ್ಟನೆ ಉತ್ತರ ಹೇಳಲು ಬಂದರೆ ಆ ಪಾತ್ರ ಸಾಧಾರಣದ್ದು ಎಂದೇ ತಿಳಿಯಿರಿ. "ಅದನ್ನ ಹಾಗೆ ಒಂದೇ ಮಾತಲ್ಲಿ ಹೇಳೋಕಾಗಲ್ಲ ಮಾರಾಯ್ತಿ, ನೀನೇ ಓದು" ಅನ್ನಿಸಿತೇ? ಹಾಗಾದರೆ ಬರೆದವರು ಒಬ್ಬ ಮನುಷ್ಯಳನ್ನೇ ನಿಮ್ಮ ಮುಂದೆ ತಂದು ನಿಲ್ಲಿಸಿದ್ದಾರೆ.

ಇಂಥ ಪಾತ್ರ ಹೇಗೆ ಆಗುತ್ತದೆ? ಕೆಲವು ಬರಹಗಾರರು ಇದನ್ನು ಅಡಿಗೆಯಂತೆ ತಿಳಿದುಕೊಂಡಿದ್ದಾರೆ. ಕೆಟ್ಟವಳ ಪಾತ್ರಕ್ಕೆ ಒಂದು ಚಮಚ ಒಳ್ಳೆಯತನ ಬೆರೆಸುವುದು, ಒಳ್ಳೆಯವಳಿಗೆ ಒಂದು ಚಿಟಿಕೆ ಸಿಡುಕು ಹಾಕುವುದು. ಹಾಗಲಕಾಯಿ ಗೊಜ್ಜು ಮಾಡುವ ನಿಮಗೆ ಗೊತ್ತೇ ಇದೆ, ಬೆಂದ ಮೇಲೆ ಬೆಲ್ಲದ ಪುಡಿ ಉದುರಿಸಿದರೆ ಕಹಿಯೂ ಹೋಗುವುದಿಲ್ಲ, ಸಿಹಿಯೂ ಹತ್ತುವುದಿಲ್ಲ. ಹುಳಿ, ಬೆಲ್ಲ, ಉಪ್ಪು ಎಲ್ಲವೂ ಹೋಳಿನ ಜೊತೆಯಲ್ಲೇ ಕುದಿಯಬೇಕು. ಮನುಷ್ಯರ ಗುಣವೂ ಹಾಗೆಯೇ, ಬದುಕಿನಲ್ಲಿ ಕುದಿದು ಬರುವಂಥದ್ದು.

ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ, ಈ ಮೂರು ಊರು ಸುತ್ತಿ ಬಂದರೆ ಸಾಕು.

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ ಕುವೆಂಪು ಅವರ ತಾಯಿಯ ತವರೂರು. ಅವರು ಹುಟ್ಟಿದ್ದು ಅಲ್ಲೇ, 1904ರ ಡಿಸೆಂಬರ್ 29ರಂದು. ಬೆಳೆದದ್ದು ತೀರ್ಥಹಳ್ಳಿ ಕಡೆಯ ಕುಪ್ಪಳಿಯಲ್ಲಿ. ಅವರ 'ಕಾನೂರು ಹೆಗ್ಗಡಿತಿ' 1936ರಲ್ಲಿ ಬಂದ ಕಾದಂಬರಿ. ಗಿರೀಶ್ ಕಾರ್ನಾಡರು 1999ರಲ್ಲಿ ಅದನ್ನು ಚಿತ್ರವಾಗಿ ಮಾಡಿದರು. ಅದರ ಸುಬ್ಬಮ್ಮನನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಗಂಡ ಸತ್ತ ಮೇಲೆ ಮನೆಯ ಯಜಮಾನಿಕೆ ಹಿಡಿದು ದರ್ಪ ನಡೆಸಿದವಳು, ಸೇರೆಗಾರನ ಸಹವಾಸಕ್ಕೆ ಬಿದ್ದವಳು, ಬಸಿರನ್ನು ತೆಗೆಸಿಕೊಳ್ಳಲು ಹೋಗಿ ಪ್ರಾಣ ಬಿಟ್ಟವಳು. ಇಷ್ಟನ್ನೇ ಹೇಳಿದರೆ ಊರಿನ ಬಾಯಿ ಏನನ್ನುತ್ತದೆ? "ಅವಳಾ? ಅಂಥವಳೇ ಬಿಡು."

ಆದರೆ ಕುವೆಂಪು ಇಷ್ಟನ್ನೇ ಹೇಳಿ ಸುಮ್ಮನಾಗಲಿಲ್ಲ. ಅವಳು ನೆಲ್ಲುಹಳ್ಳಿಯ ಹುಡುಗಿ. ಕಾನೂರಿನ ಚಂದ್ರಯ್ಯಗೌಡರು ಮೊದಲಿನ ಇಬ್ಬರು ಹೆಂಡಿರು ತೀರಿಕೊಂಡ ಮೇಲೆ ಇವಳನ್ನು ಮೂರನೆಯವಳಾಗಿ ತಂದುಕೊಂಡರು. ಗಂಡನಿಗೆ ಮೈಸೂರಿನಲ್ಲಿ ಓದಿ ಬಂದ ಮಗನಿದ್ದಾನೆ, ಅಣ್ಣನ ಮಗನಿದ್ದಾನೆ. ಈ ಹುಡುಗಿ ಅವರಿಬ್ಬರ ಓರಗೆಯವಳು, ಆದರೆ ಸಂಬಂಧದಲ್ಲಿ ಚಿಕ್ಕಮ್ಮ! ಗಂಡನಿಂದ ಸಿಕ್ಕಿದ್ದು ಸಂಶಯ, ಬೈಗುಳ, ಹೊಡೆತ. ಇದನ್ನೆಲ್ಲ ಓದಿಕೊಂಡು ಬಂದವರಿಗೆ ಕೊನೆಗೆ ಅವಳ ಮೇಲೆ ಸಿಟ್ಟೂ ಬರುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ. ಜೊತೆಗೆ ಇನ್ನೊಂದು ವಿಚಾರ ಹೊಳೆಯುತ್ತದೆ. ಊರು ಅವಳಿಗೊಂದು ಹೆಸರು ಇಟ್ಟಿತು, ಆ ಮದುವೆ ಮಾಡಿದವರಿಗೆ ಯಾವ ಹೆಸರನ್ನೂ ಇಡಲಿಲ್ಲ. 'ಕೆಟ್ಟವಳು' ಅನ್ನುವ ಒಂದು ಮಾತಿನ ಹಿಂದೆ ಎಷ್ಟು ಜನ ಮರೆಯಾಗಿ ನಿಲ್ಲಬಹುದು ನೋಡಿ!

ಈಗ ನರಸಿಂಹರಾಜಪುರಕ್ಕೆ ಬನ್ನಿ, ಹಳಬರು ಎಡೇಹಳ್ಳಿ ಅನ್ನುತ್ತಿದ್ದ ಊರು. ಎಂ.ಕೆ. ಇಂದಿರಾ 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದರೂ ಅವರ ಊರು ಇದು. ಶಾಲೆಯ ಓದು ಹೆಚ್ಚಿಲ್ಲ, ಹನ್ನೆರಡರ ಹೊತ್ತಿಗೆಲ್ಲ ಮದುವೆ. ಮೊದಲ ಕಾದಂಬರಿ 'ತುಂಗಭದ್ರಾ' ಬಂದದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. ("ಇನ್ನು ಈ ವಯಸ್ಸಲ್ಲಿ ಏನು ಬರೆಯೋದು" ಅನ್ನುವ ಸೋದರಿಯರು ಇದನ್ನು ಗಮನಿಸಬೇಕು.) ಅವರ 'ಫಣಿಯಮ್ಮ' 1976ರದ್ದು. ತಾಯಿಯಿಂದ ಕೇಳಿ ತಿಳಿದ, ನಿಜವಾಗಿ ಬದುಕಿದ್ದ ಒಬ್ಬ ವಿಧವೆಯ ಕಥೆ ಅದು. ಪ್ರೇಮಾ ಕಾರಂತರು 1983ರಲ್ಲಿ ಅದನ್ನು ಚಲನಚಿತ್ರ ಮಾಡಿದಾಗ ಎಲ್.ವಿ. ಶಾರದಾ ಫಣಿಯಮ್ಮನಾಗಿದ್ದರು.

ಫಣಿಯಮ್ಮನಿಗೆ ಮದುವೆಯಾದದ್ದು ಗೊಂಬೆಯಾಡುವ ವಯಸ್ಸಿನಲ್ಲಿ. ಗಂಡ ಹಾವು ಕಚ್ಚಿ ಸತ್ತ. ಸಂಸಾರ ಅಂದರೇನೆಂದು ತಿಳಿಯುವ ಮೊದಲೇ ವೈಧವ್ಯ. ದೊಡ್ಡವಳಾದಾಗ ತಲೆ ಬೋಳಿಸಿದರು, ಕೆಂಪು ಸೀರೆ ಉಡಿಸಿದರು. ಅವಳು ಮಡಿ, ಉಪವಾಸ, ಒಪ್ಪತ್ತು ಎಲ್ಲವನ್ನೂ ಚಾಚೂ ತಪ್ಪದೆ ನಡೆಸಿದಳು. ಯಾರ ಮೇಲೂ ದೂರಿಲ್ಲ. "ಇಂಥ ಒಳ್ಳೆಯವಳಲ್ಲಿ ಏನು ಗೋಜಲು? ಒಂದೇ ಮಾತಲ್ಲಿ ಹೇಳಬಹುದಲ್ಲ!" ಅನ್ನುತ್ತೀರಾ? ಸ್ವಲ್ಪ ತಾಳಿ.

ಮುಂದೆ ಆ ಮನೆತನಗಳ ನಡುವೆ ದಾಕ್ಷಾಯಣಿ ಎಂಬ ಹುಡುಗಿ ವಿಧವೆಯಾಗುತ್ತಾಳೆ. "ನಾನು ತಲೆ ಬೋಳಿಸಿಕೊಳ್ಳೋದಿಲ್ಲ" ಎಂದು ಹಟ ಹಿಡಿಯುತ್ತಾಳೆ. ಹಿರಿಯರೆಲ್ಲ ಕೆರಳುತ್ತಾರೆ. ಆಗ ಫಣಿಯಮ್ಮ ಯಾರ ಕಡೆ ನಿಲ್ಲಬೇಕಿತ್ತು? "ನಾನು ಅನುಭವಿಸಲಿಲ್ಲವೇ? ಅವಳೂ ಅನುಭವಿಸಲಿ" ಎಂದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವಳು ಆ ಹುಡುಗಿಯ ಕಡೆ ನಿಂತಳು. ಮುಟ್ಟಬಾರದೆಂದು ಊರು ದೂರವಿಟ್ಟ ಜಾತಿಯ ಹೆಣ್ಣೊಬ್ಬಳಿಗೆ ಹೆರಿಗೆ ಕಷ್ಟವಾದಾಗ ಅಲ್ಲಿಗೂ ಹೋಗಿ ಕೈಯಾರೆ ಮಗುವನ್ನು ಉಳಿಸಿದಳು. ತನ್ನ ಮಡಿಯನ್ನು ಬಿಡಲಿಲ್ಲ, ಆದರೆ ಅದನ್ನು ಇನ್ನೊಬ್ಬರ ಕೊರಳಿಗೆ ಕಟ್ಟಲೂ ಇಲ್ಲ. ಅಂದರೆ ಇಷ್ಟು ವರ್ಷ ಅವಳು ಸುಮ್ಮನಿದ್ದದ್ದು ಒಪ್ಪಿಗೆಯಿಂದ ಅಲ್ಲ. ಒಳಗೆ ಯೋಚನೆ ನಡೆದೇ ಇತ್ತು. ಹೊರಗೆ ಹೊಂದಿಕೊಂಡು, ಒಳಗೆ ಒಪ್ಪದೆ ಬದುಕಿದ ಅವಳನ್ನು 'ಸಾಧ್ವಿ' ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡಲು ಆದೀತೇ?

ಸುಬ್ಬಮ್ಮ, ಫಣಿಯಮ್ಮ ಇಬ್ಬರನ್ನೂ ಈಗ ಅಕ್ಕಪಕ್ಕ ಕೂರಿಸಿ ನೋಡಿ. ಇಬ್ಬರ ಬಾಳನ್ನೂ ಇವರನ್ನು ಒಂದು ಮಾತೂ ಕೇಳದೆ ಮಾಡಿದ ಮದುವೆ ಕೆಡಿಸಿತು. ಇಬ್ಬರಿಗೂ ಕಾಲ ಬಂದಾಗ ಒಂದು ಅಧಿಕಾರ ಸಿಕ್ಕಿತು. ಒಬ್ಬಳಿಗೆ ಮನೆಯ ಯಜಮಾನಿಕೆ, ಇನ್ನೊಬ್ಬಳಿಗೆ ವಯಸ್ಸು ಮತ್ತು ಶುದ್ಧ ನಡತೆ ತಂದುಕೊಟ್ಟ ಗೌರವ. ಸುಬ್ಬಮ್ಮ ತನ್ನ ಮೇಲೆ ನಡೆದ ದರ್ಬಾರನ್ನೇ ಬೇರೆಯವರ ಮೇಲೆ ನಡೆಸಿದಳು. ಫಣಿಯಮ್ಮ ಅದನ್ನು ತನ್ನಲ್ಲೇ ನಿಲ್ಲಿಸಿದಳು. ಬಿದ್ದ ಪೆಟ್ಟು ಒಂದೇ ಬಗೆಯದು, ನಡೆದ ದಾರಿ ಎರಡು. ಪಾತ್ರದ ಆಳ ಗೊತ್ತಾಗುವುದು ಇಲ್ಲಿಯೇ.

ಹಾಗಂತ ಸುಬ್ಬಮ್ಮ ಮಾಡಿದ್ದೆಲ್ಲ ಸರಿ ಎಂದಲ್ಲ. ಕಾರಣ ತಿಳಿಯುವುದು ಬೇರೆ, ತಪ್ಪನ್ನು ಮನ್ನಿಸಿಬಿಡುವುದು ಬೇರೆ. ಇದನ್ನು ಕಲಿಯಲು ಶೃಂಗೇರಿಯ ಕಡೆ ತಿರುಗೋಣ. ಅಲ್ಲಿನ ಶಾರದೆಯೊಂದಿಗೆ ಉಭಯಭಾರತಿಯ ಕಥೆ ಸೇರಿಕೊಂಡಿದೆ. ಶಂಕರಾಚಾರ್ಯರಿಗೂ ಮಂಡನಮಿಶ್ರರಿಗೂ ವಾದ ನಡೆದಾಗ ತೀರ್ಪು ಹೇಳುವ ಸ್ಥಾನದಲ್ಲಿ ಕುಳಿತವಳು ಮಂಡನಮಿಶ್ರರ ಹೆಂಡತಿಯೇ! ಸೋತರೆ ಗಂಡ ಸನ್ಯಾಸಿಯಾಗಬೇಕು, ತನ್ನ ಸಂಸಾರವೇ ಮುಗಿಯಿತು. ಆದರೂ ಎರಡೂ ಕಡೆ ಕೇಳಿ, ಇದ್ದದ್ದನ್ನು ಇದ್ದಂತೆ ಹೇಳಿದಳು. ಹೇಳಿದ ಮೇಲೆ ಹೆಂಡತಿಯಾಗಿ ತಾನೇ ವಾದಕ್ಕೂ ಇಳಿದಳು. ಕಥೆ ಓದುವ ನಾವೂ ಹಾಗೆ ಕೂರಬೇಕು. ಕರುಳೂ ಇರಬೇಕು, ತೂಕವೂ ತಪ್ಪಬಾರದು.

ಮಲೆನಾಡಿನವರಿಗೆ ಈ ಅಭ್ಯಾಸ ಹೊಸದೇನಲ್ಲ. ಮಳೆ ಹಿಡಿದ ರಾತ್ರಿ ತಾಳಮದ್ದಳೆ ಕೇಳಿದವರಿಗೆ ಗೊತ್ತು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಮಾತಾಡುತ್ತಾರೆ. ವಾಲಿ ಬಾಣ ತಿಂದು ಬಿದ್ದಿದ್ದಾನೆ, ಮರೆಯಲ್ಲಿ ನಿಂತು ಹೊಡೆದ ರಾಮನನ್ನು ಪ್ರಶ್ನೆ ಮಾಡುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ವಾಲಿಯಾಗಿ ಕುಳಿತರೆ ರಾಮಭಕ್ತರೂ ಕ್ಷಣಹೊತ್ತು "ಹೌದಲ್ಲ!" ಅನ್ನಬೇಕಾಗುತ್ತಿತ್ತು. ರಾಮನ ಮೇಲಿನ ಭಕ್ತಿ ಕಡಿಮೆಯಾಗಲಿಲ್ಲ, ವಾಲಿಗೂ ಒಂದು ಮಾತಿದೆ ಅನ್ನುವುದು ತಿಳಿಯಿತು, ಅಷ್ಟೆ.

ಇನ್ನು ಮುಂದೆ ಕಾದಂಬರಿ ಓದುವಾಗ, ನಾಟಕ ನೋಡುವಾಗ, ಟಿ.ವಿ. ಧಾರಾವಾಹಿ ನೋಡುವಾಗ ಕೂಡ, ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ.

1. ಇವಳಿಗೆ ನಿಜವಾಗಿ ಏನು ಬೇಕಿತ್ತು? ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಬರೆದಾಗ ಮಂಥರೆಯ ಕೆಲಸವನ್ನು ಬದಲಾಯಿಸಲಿಲ್ಲ. ಆದರೆ ಅದರ ಹಿಂದೆ ಭರತನ ಮೇಲಿನ ಕುರುಡು ಮಮತೆಯನ್ನು ಇಟ್ಟರು. ಮಂಥರೆಯೇ ಬೇರೆಯಾಗಿ ಕಂಡಳು.

2. ಇವಳ ಪರವಾಗಿ ನಿರ್ಧಾರ ಮಾಡಿದವರು ಯಾರು? ಅವರಿಗೆ ಕಥೆಯಲ್ಲಿ ಏನಾಯಿತು?

3. ಇವಳು ಬಾಯಲ್ಲಿ ಹೇಳುವುದಕ್ಕೂ ಮಾಡುವುದಕ್ಕೂ ಎಲ್ಲಿ ತಾಳೆಯಾಗುವುದಿಲ್ಲ? ಮನಸ್ಸಿನ ಬಾಗಿಲು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

4. ಬೀಗದ ಕೈ ಗೊಂಚಲು ತನ್ನ ಸೊಂಟಕ್ಕೆ ಬಂದಾಗ ಇವಳು ಏನು ಮಾಡಿದಳು?

ಧಾರಾವಾಹಿಯ ಅತ್ತೆ ಈ ಪ್ರಶ್ನೆಗಳ ಮುಂದೆ ನಿಲ್ಲುತ್ತಾಳೋ ನೋಡಿ. ಕಣ್ಣು ಕೆಕ್ಕರಿಸುವುದು ಬಿಟ್ಟು ಅವಳಲ್ಲಿ ಬೇರೇನೂ ಸಿಗದಿದ್ದರೆ, ಅವಳು ಬರಿಯ ಬೆದರುಬೊಂಬೆ. ಅವಳೂ ಒಂದು ಕಾಲದಲ್ಲಿ ಹೊಸಿಲಲ್ಲಿ ಸೇರಕ್ಕಿ ಒದ್ದು ಒಳಗೆ ಬಂದ ಹುಡುಗಿ ಅನ್ನುವುದು ಬರೆದವರಿಗೇ ಮರೆತಿದೆ.

ನಾಲ್ಕನೆಯ ಪ್ರಶ್ನೆಯನ್ನು ಪುಸ್ತಕ ಮುಚ್ಚಿದ ಮೇಲೂ ಇಟ್ಟುಕೊಳ್ಳಿ ಎಂದು ನನ್ನ ಬಿನ್ನಹ. ಸುಬ್ಬಮ್ಮನಿಗಾಗಿ ಅತ್ತ ನಾವು, ಗಂಡನ ಮನೆ ಬಿಟ್ಟು ಬಂದು ಎದುರು ಸಾಲಿನಲ್ಲಿ ಒಬ್ಬಳೇ ಇರುವ ಹೆಣ್ಣಿನ ಬಗ್ಗೆ "ಅವಳು ಅಂಥವಳಂತೆ" ಅನ್ನುವಾಗ ಒಂದು ಕ್ಷಣವೂ ತಡೆಯುವುದಿಲ್ಲ. ಅವಳ ಕಥೆಯ ಕೊನೆಯ ಪುಟ ಮಾತ್ರ ನಮಗೆ ಗೊತ್ತು, ಹಿಂದಿನ ಪುಟಗಳನ್ನು ಯಾರು ಓದಿದ್ದಾರೆ?

ಇನ್ನು, ನಮ್ಮಲ್ಲಿ ಅನೇಕರಿಗೆ ಈಗ ಸೊಸೆ ಬರುವ ಕಾಲ. "ನಮ್ಮ ಕಾಲದಲ್ಲಿ ನಾವು ಬೆಳಗ್ಗೆ ನಾಲ್ಕಕ್ಕೇ ಏಳ್ತಿದ್ವಿ, ಅತ್ತೆ ಎದುರು ಕೂತು ಊಟ ಮಾಡ್ತಿರಲಿಲ್ಲ, ತವರಿಗೆ ಹೋಗೋಕೂ ಕೇಳಬೇಕಿತ್ತು" ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಸುಳ್ಳೇನಲ್ಲ, ಅನುಭವಿಸಿದ್ದೇ. ಆ ಮಾತಿನ ಮುಂದೆ ನಾವು ಸೇರಿಸುವ ವಾಕ್ಯ ಯಾವುದು? "ನೀನೂ ಹಾಗೇ ಇರು" ಎಂದೇ? ಅಥವಾ "ನಿನಗೆ ಅದು ಬೇಡಮ್ಮ" ಎಂದೇ? ಓದಿದ ಪುಸ್ತಕದ ಪ್ರಯೋಜನ ಆ ಒಂದು ವಾಕ್ಯದಲ್ಲಿ ಕಾಣಬೇಕು.

ಈ ಎರಡು ಕಾದಂಬರಿಗಳನ್ನು ಒಂದರ ಹಿಂದೆ ಒಂದು ಓದಿ. ನಿಮ್ಮ ಮಹಿಳಾ ಸಮಾಜದಲ್ಲಿ ಒಂದು ಮಧ್ಯಾಹ್ನ ಸುಬ್ಬಮ್ಮನ ಪರ ಇಬ್ಬರು, ವಿರುದ್ಧ ಇಬ್ಬರು ನಿಂತು ತಾಳಮದ್ದಳೆಯ ಹಾಗೆ ವಾದ ಮಾಡಿ ನೋಡಿ. ಆದರೆ ಒಂದು ನಿಯಮ. ಅರ್ಧ ಗಂಟೆಯಾದ ಮೇಲೆ ಕಡೆ ಬದಲಾಯಿಸಿಕೊಳ್ಳಬೇಕು!