ಅಪ್ಪನ ಲ್ಯಾಪ್‌ಟಾಪೂ 48 ಅಂಕಿಗಳೂ

ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟರು. "ಏನೋ ಇದು, ದಿನಾ ಹೆದರಿಸ್ತಾ ಇದೆ" ಅಂದರು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಅನ್ನೋ ಸಂದೇಶ ಅದು. ಲ್ಯಾಪ್‌ಟಾಪಿನ ಪ್ರೊಸೆಸರ್ ಇಂಟೆಲ್‌ನ 7ನೇ ತಲೆಮಾರಿನದು. ವಿಂಡೋಸ್ 11 ಸಾಮಾನ್ಯವಾಗಿ 8ನೇ ತಲೆಮಾರಿನಿಂದ ಮಾತ್ರ ಒಪ್ಪಿಕೊಳ್ಳುತ್ತೆ. ಅಂದರೆ ಚೆನ್ನಾಗಿ ಓಡ್ತಾ ಇರೋ ಯಂತ್ರ, ಆದರೆ ಕಂಪನಿಯ ಲೆಕ್ಕದಲ್ಲಿ ಮುದುಕ.

"ನಾನೂ ರಿಟೈರ್ ಆದವನೇ, ಕೆಲಸ ಮಾಡ್ತಾ ಇಲ್ವಾ?" ಅಂತ ಅಪ್ಪನ ಪ್ರಶ್ನೆ. ಅವರು ಅರಕಲಗೂಡು ಕಡೆ ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿದ್ದವರು. ನಿವೃತ್ತಿಯಾದ ಮೇಲೆ ಬೇಸಾಯದ ಪದಗಳನ್ನು ಕೂಡಿಹಾಕ್ತಾ ಇದ್ದಾರೆ. ಮೇಟಿ, ಮಿಣಿ, ಕೂರಿಗೆ, ಕೊಳಗ, ಬಳ್ಳ... ಹೀಗೆ ನಾಲ್ಕು ಸಾವಿರಕ್ಕೂ ಹೆಚ್ಚು. ಎಲ್ಲವೂ ನುಡಿಯಲ್ಲಿ ಟೈಪ್ ಮಾಡಿದ್ದು, ಎಲ್ಲವೂ ಈ ಒಂದೇ ಲ್ಯಾಪ್‌ಟಾಪಿನಲ್ಲಿ. ಪದ ಹೇಳಿದ ಅಜ್ಜಂದಿರಲ್ಲಿ ಎಷ್ಟೋ ಜನ ಈಗಿಲ್ಲ.

ಲಿನಕ್ಸ್ ಹಾಕಿಬಿಡೋಣ ಅಂದೆ. ವಿಂಡೋಸ್ ಪಕ್ಕಕ್ಕೆ ಇರಲಿ, ಜೊತೆಗೆ ಲಿನಕ್ಸ್ ಮಿಂಟ್. ಅಪ್ಪ ಕೇಳಿದ್ದು ಒಂದೇ ಮಾತು: "ಇದನ್ನ ಬಿಚ್ಚದೇ, ಇದರ ಒಳಗಿಂದಲೇ ಹಾಕೋಕಾಗಲ್ವಾ?"

ಒಳ್ಳೇ ಪ್ರಶ್ನೆ. ಒಂದು ಕಾಲದಲ್ಲಿ ಆಗ್ತಿತ್ತು. 2008ರ ಉಬುಂಟು 8.04ರ ಜೊತೆ ವುಬಿ ಅಂತ ಒಂದು ಪುಟ್ಟ ಪ್ರೋಗ್ರಾಂ ಬಂತು. ವಿಂಡೋಸಿನಲ್ಲೇ ಡಬಲ್ ಕ್ಲಿಕ್ ಮಾಡಿದರೆ ಸಿ ಡ್ರೈವಿನಲ್ಲಿ ಒಂದು ದೊಡ್ಡ ಫೈಲ್ ಮಾಡಿ, ಆ ಫೈಲನ್ನೇ ಡಿಸ್ಕ್ ಅಂದ್ಕೊಂಡು ಇಡೀ ಉಬುಂಟು ಕೂರಿಸ್ತಿತ್ತು. ಬೇಡ ಅಂದ್ರೆ ಬೇರೆ ಪ್ರೋಗ್ರಾಂಗಳ ಥರಾನೇ ಅನ್‌ಇನ್‌ಸ್ಟಾಲ್. ನಾನು ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಲಿನಕ್ಸ್ ಮುಖ ನೋಡಿದ್ದೇ ಹಾಗೆ. ಹಾಸ್ಟೆಲ್‌ನಲ್ಲಿ ಕರೆಂಟ್ ಹೋಗಿ, ಸತ್ತ ಬ್ಯಾಟರಿಯ ಲ್ಯಾಪ್‌ಟಾಪ್ ಧಪ್ ಅಂತ ಆಫ್ ಆದ ದಿನ ಆ ಫೈಲ್ ಕೆಟ್ಟು, ಅದರ ಜೊತೆ ನನ್ನ ಉಬುಂಟೂ ಹೋಯ್ತು. ಹೊಸ ಯುಇಎಫ್‌ಐ ಯಂತ್ರಗಳಿಗೆ ವುಬಿ ಒಗ್ಗಲೂ ಇಲ್ಲ. 13.04ರ ಹೊತ್ತಿಗೆ ಅದನ್ನು ಕೈಬಿಟ್ಟರು.

ಈಗ ಡಬ್ಲ್ಯುಎಸ್‌ಎಲ್ ಇದೆ, ಒಂದೇ ಕಮಾಂಡಿನಲ್ಲಿ ವಿಂಡೋಸ್ ಒಳಗೆ ಲಿನಕ್ಸ್ ಬರುತ್ತೆ. ಆಫೀಸಲ್ಲಿ ನಾನೂ ಅದನ್ನೇ ಬಳಸೋದು. ಆದರೆ ಅಪ್ಪನ ಸಮಸ್ಯೆಗೆ ಅದು ಔಷಧಿಯಲ್ಲ. ಕೆಳಗಿರೋ ವಿಂಡೋಸೇ ಹಳತಾಗಿರುವಾಗ ಅದರ ಮೇಲೆ ಹೊಸ ಮಹಡಿ ಕಟ್ಟಿ ಏನು ಬಂತು?

ಸರಿ, ರೂಫಸ್ ಹಾಕ್ಕೊಂಡು ಪೆನ್‌ಡ್ರೈವ್ ತಯಾರಿಸಿದೆ. ಬಯಾಸ್‌ಗೆ ಹೋಗಿ, ಹಳೇ ಅಭ್ಯಾಸ ನೋಡಿ, ಸೆಕ್ಯೂರ್ ಬೂಟ್ ಆಫ್ ಮಾಡಿದೆ. ಇವತ್ತಿನ ಉಬುಂಟು, ಮಿಂಟ್‌ಗಳಿಗೆ ಅದನ್ನು ಆಫ್ ಮಾಡೋ ಅಗತ್ಯ ಸಾಮಾನ್ಯವಾಗಿ ಇರಲ್ಲ. ಹತ್ತು ವರ್ಷದ ಹಿಂದೆ ಕಲಿತದ್ದನ್ನು ಕೈ ತಾನಾಗೇ ಮಾಡ್ತು. ಮಿಂಟ್ ಪೆನ್‌ಡ್ರೈವಿನಿಂದಲೇ ಚೆನ್ನಾಗಿ ಓಪನ್ ಆಯ್ತು. ವೈಫೈ ಬಂತು, ಟಚ್‌ಪ್ಯಾಡ್ ಬಂತು. ನಾನು ಹೆಮ್ಮೆಯಿಂದ ತೋರಿಸ್ತಾ ಇದ್ದರೆ ಅಪ್ಪ, "ನನ್ನ ಫೈಲ್ ಎಲ್ಲಿ?" ಅಂದರು.

ಡಿಸ್ಕಿನ ಮೇಲೆ ಕ್ಲಿಕ್ ಮಾಡಿದೆ. ಪಾಸ್‌ವರ್ಡ್ ಕೇಳ್ತು. ಯಾವ ಪಾಸ್‌ವರ್ಡು? "ನಾನು ಇಟ್ಟೇ ಇಲ್ಲ" ಅಂದರು ಅಪ್ಪ. ಇರಲಿ, ವಿಂಡೋಸಿಗೆ ಹೋಗಿ ಮೊದಲು ಫೈಲ್ ಕಾಪಿ ಮಾಡ್ಕೊಳ್ಳೋಣ ಅಂತ ರೀಸ್ಟಾರ್ಟ್ ಮಾಡಿದೆ. ವಿಂಡೋಸ್ ಬರಲಿಲ್ಲ. ನೀಲಿ ಪರದೆ ಬಂತು. ಬಿಟ್‌ಲಾಕರ್ ರಿಕವರಿ ಕೀ ಕೊಡಿ, 48 ಅಂಕಿ.

ಓದುಗರೇ, ನಾನು ಎಂಟು ವರ್ಷದಿಂದ ಸಾಫ್ಟ್‌ವೇರ್ ಬರೀತಾ ಇದ್ದೀನಿ. ಬ್ಯಾಕಪ್ ತಗೊಳ್ಳದೇ ಡಿಸ್ಕ್ ಮುಟ್ಟಬೇಡ ಅಂತ ಜೂನಿಯರ್‌ಗಳಿಗೆ ಬೈದವನು. ಅಪ್ಪನ ಲ್ಯಾಪ್‌ಟಾಪ್ ಅಂತ ಸಲೀಸಾಗಿ ಕೈ ಹಾಕಿದ್ದೆ. "ಬೇರೆ ಕಡೆ ಕಾಪಿ ಇದೆಯಾಪ್ಪಾ?" ಅಂತ ಕೇಳಿದೆ. 2021ರದ್ದು ಒಂದು ಪೆನ್‌ಡ್ರೈವ್ ಇತ್ತು. ಅದರಲ್ಲಿ ಸಾವಿರದಿನ್ನೂರು ಪದ. ಅಪ್ಪ ಏನೂ ಅನ್ನಲಿಲ್ಲ, ಎದ್ದು ಹಸುವಿಗೆ ಹುಲ್ಲು ಹಾಕೋಕೆ ಹೋದರು. ಬೈದಿದ್ದರೇ ವಾಸಿಯಿತ್ತು.

ಆಗಿದ್ದೇನು ಅಂದರೆ, ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದ ಕೂಡಲೇ ಡಿವೈಸ್ ಎನ್‌ಕ್ರಿಪ್ಶನ್ ತಾನಾಗೇ ಶುರುವಾಗುತ್ತೆ. ಡಿಸ್ಕಿನಲ್ಲಿರೋದೆಲ್ಲ ಬೀಗದೊಳಗೆ. ಕೀಲಿ ಟಿಪಿಎಂ ಅನ್ನೋ ಚಿಪ್ಪಿನ ಹತ್ತಿರ ಇರುತ್ತೆ. ಯಂತ್ರ ನಿನ್ನೆ ಹೇಗೆ ಶುರುವಾಗಿತ್ತೋ ಇವತ್ತೂ ಹಾಗೇ ಶುರುವಾದರೆ ಅದು ಕೀಲಿ ಕೊಡುತ್ತೆ, ನಮಗೆ ಗೊತ್ತೇ ಆಗಲ್ಲ. ಸೆಕ್ಯೂರ್ ಬೂಟ್ ಆಫ್ ಆಯ್ತು ಅಂದರೆ ಯಾರೋ ಕಳ್ಳ ಬಂದ ಅಂತ ಲೆಕ್ಕ. ರಿಕವರಿ ಕೀಯ ಒಂದು ಪ್ರತಿ ಆ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತೆ. ಅಪ್ಪನ ಅಕೌಂಟ್ ಯಾವುದು? ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗ ತಾನೇ ಒಂದು ಇಮೇಲ್ ಹಾಕಿ ಮಾಡಿಕೊಟ್ಟಿದ್ದ. ಆ ಅಂಗಡಿ ಇರೋ ಜಾಗದಲ್ಲಿ ಈಗ ಬೇಕರಿ ಇದೆ. ಪಿನ್ ಹೊಡೆದು ಒಳಗೆ ಹೋಗ್ತಿದ್ದ ಅಪ್ಪನಿಗೆ ಇಮೇಲ್ ವಿಳಾಸ ಬೇಕಾಗಿಯೇ ಇರಲಿಲ್ಲ.

ಗಾಬರಿಯಲ್ಲಿ ಎರಡು ಗಂಟೆ ಏನೇನೋ ಹುಡುಕಿ, ಕೊನೆಗೆ ಹೊಳೆದದ್ದು ತೀರಾ ಸರಳ. ಚಿಪ್ಪಿಗೆ ಬೇಕಿರೋದು ನಿನ್ನೆಯ ಸ್ಥಿತಿ. ಹಾಗಾದ್ರೆ ನಿನ್ನೆಯ ಸ್ಥಿತಿಯನ್ನೇ ಕೊಡೋಣ. ಪೆನ್‌ಡ್ರೈವ್ ತೆಗೆದೆ, ಬಯಾಸಿಗೆ ಹೋಗಿ ಸೆಕ್ಯೂರ್ ಬೂಟ್ ಆನ್ ಮಾಡಿದೆ, ಬೂಟ್ ಕ್ರಮಾಂಕ ಮೊದಲಿನಂತೆ ಇಟ್ಟೆ. ರೀಸ್ಟಾರ್ಟ್. ವಿಂಡೋಸ್ ಏನೂ ಆಗೇ ಇಲ್ಲವೇನೋ ಅನ್ನೋ ಹಾಗೆ ಪಿನ್ ಕೇಳ್ತು. ಇಲ್ಲಿ ಒಂದು ಎಚ್ಚರಿಕೆ: ಈ ನೀಲಿ ಪರದೆ ಬಂದಾಗ ಬಯಾಸಿನಲ್ಲಿ ಟಿಪಿಎಂ ಕ್ಲಿಯರ್ ಅನ್ನೋ ಆಯ್ಕೆ ಕಂಡರೆ ಒತ್ತಬೇಡಿ. ಕೀಲಿ ಇಟ್ಟುಕೊಂಡ ಚಿಪ್ಪನ್ನೇ ಅಳಿಸಿದ ಹಾಗೆ ಅದು.

ಒಳಗೆ ಹೋದ ಕೂಡಲೇ ಮೊದಲು ಫೈಲುಗಳನ್ನು ಎರಡು ಕಡೆ ಕಾಪಿ ಮಾಡಿದೆ. ಆಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಮ್ಯಾನೇಜ್-ಬಿಡಿಇ ಅನ್ನೋ ಕಮಾಂಡಿಗೆ ಸಿ ಡ್ರೈವಿನ ಪ್ರೊಟೆಕ್ಟರ್ಸ್ ತೋರಿಸು ಅಂದರೆ ಆ 48 ಅಂಕಿ ಪರದೆ ಮೇಲೇ ಬರುತ್ತೆ. ಯಾವ ಅಕೌಂಟೂ ಬೇಡ. ನಾನು ಓದಿದೆ, ಅಪ್ಪ ಬರೆದುಕೊಂಡರು. ಆರಾರು ಅಂಕಿಯ ಎಂಟು ಗುಂಪು, ಮೇಷ್ಟ್ರ ದುಂಡು ಅಕ್ಷರದಲ್ಲಿ. ಬರೆದು ಮುಗಿಸಿ, "ಒಂದ್ಸಲ ಹೇಳ್ತೀನಿ, ಸರಿನಾ ನೋಡು" ಅಂತ ಉಕ್ತಲೇಖನ ತಿದ್ದೋ ಹಾಗೆ ಪೂರ್ತಿ ಓದಿದರು. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಆಫ್ ಮಾಡಿದೆ. ಬೀಗ ಪೂರ್ತಿ ಬಿಚ್ಚೋಕೆ ಮುಕ್ಕಾಲು ಗಂಟೆ ಹಿಡೀತು.

ಆಗ ಅರ್ಥವಾಗಿದ್ದು, ಅಪ್ಪ ಕೇಳಿದ ಪ್ರಶ್ನೆ ಅರ್ಧ ಸರಿಯೇ ಇತ್ತು. ಲಿನಕ್ಸ್ ಹಾಕೋದಕ್ಕೆ ಅರ್ಧ ಗಂಟೆ ಸಾಕು. ಉಳಿದ ಕೆಲಸವೆಲ್ಲ ಹಾಕೋಕೆ ಮುಂಚೆ ವಿಂಡೋಸ್ ಒಳಗೇ ಮಾಡಬೇಕಾದ್ದು.

ಉದಾಹರಣೆಗೆ ಜಾಗ ಬಿಡಿಸೋದು. 256 ಜಿಬಿ ಡಿಸ್ಕ್, 140 ಜಿಬಿ ಖಾಲಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಶ್ರಿಂಕ್ ವಾಲ್ಯೂಮ್ ಅಂದರೆ ಬರೀ 8 ಜಿಬಿ ಬಿಡ್ತೀನಿ ಅನ್ನುತ್ತೆ. ಜಮೀನಿನ ನಡುವೆ ಒಂದು ಬಂಡೆ ಇದ್ದ ಹಾಗೆ, ವಿಂಡೋಸ್ ಜರುಗಿಸಲಾಗದ ಫೈಲು ಡಿಸ್ಕಿನ ಆಚೆ ತುದಿಯಲ್ಲಿ ಕೂತಿದ್ದರೆ ಅದರಿಂದಾಚೆಗಷ್ಟೇ ಕತ್ತರಿಸೋಕೆ ಆಗೋದು. ಯಾವ ಫೈಲು ಅಂತ ತಿಳಿಯಬೇಕಾ? ಈವೆಂಟ್ ವ್ಯೂವರ್‌ನ ಅಪ್ಲಿಕೇಶನ್ ಲಾಗ್‌ನಲ್ಲಿ 259ನೇ ನಂಬರಿನ ಈವೆಂಟ್ ನೋಡಿ, ಹೆಸರೇ ಹೇಳುತ್ತೆ. ಸಾಮಾನ್ಯವಾಗಿ ಹೈಬರ್ನೇಶನ್ ಫೈಲು, ಪೇಜ್ ಫೈಲು, ಸಿಸ್ಟಮ್ ರಿಸ್ಟೋರಿನ ಪ್ರತಿಗಳು. ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ ರೀಸ್ಟಾರ್ಟ್ ಮಾಡಿದೆ. 8 ಇದ್ದದ್ದು 90 ಆಯ್ತು. ನಾನು 70 ತಗೊಂಡೆ. ಆಮೇಲೆ ಪೇಜ್ ಫೈಲು, ರಿಸ್ಟೋರ್ ಮತ್ತೆ ಆನ್ ಮಾಡಿದೆ.

ಹೈಬರ್ನೇಶನ್ ಮಾತ್ರ ಆಫ್ ಆಗೇ ಇರಲಿ ಅಂತ ಬಿಟ್ಟೆ. ಅದು ಹೋದರೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತೆ, ಅದೇ ಬೇಕಾಗಿರೋದು. ಫಾಸ್ಟ್ ಸ್ಟಾರ್ಟಪ್ ಇದ್ದರೆ ನೀವು ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗಲ್ಲ, ಅರೆಗಣ್ಣಲ್ಲಿರುತ್ತೆ. ಆಗ ಲಿನಕ್ಸ್‌ನಿಂದ ಆ ಡ್ರೈವ್ ತೆರೆದರೆ ಓದೋಕೆ ಬರುತ್ತೆ, ಬರೆಯೋಕೆ ಬಿಡಲ್ಲ. ಹಾಗೆ ಬಿಡದೇ ಇರೋದೂ ನಮ್ಮ ಒಳ್ಳೇದಕ್ಕೇ.

ಕೆಲವರಿಗೆ ಇನ್ನೊಂದು ಕಾಟ: ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣಲ್ಲ. ನನ್ನ ಕೊಲೀಗ್ ಒಬ್ಬಳಿಗೆ ಹಾಗಾಯ್ತು. ಬಯಾಸಿನಲ್ಲಿ ಡಿಸ್ಕ್ ಇಂಟೆಲ್ ಆರ್‌ಎಸ್‌ಟಿ ಕ್ರಮದಲ್ಲಿತ್ತು, ಎಎಚ್‌ಸಿಐ ಮಾಡಬೇಕು. ಆದರೆ ಸುಮ್ಮನೆ ಬದಲಾಯಿಸಿದರೆ ವಿಂಡೋಸ್ ಎದ್ದೇಳದೇ ಹೋಗಬಹುದು. ಮೊದಲು ವಿಂಡೋಸ್ ಒಳಗಿಂದ ಮುಂದಿನ ಸಲ ಸೇಫ್ ಮೋಡ್‌ನಲ್ಲಿ ಏಳು ಅಂತ ಹೇಳಿಟ್ಟು, ಆಮೇಲೆ ಬಯಾಸ್ ಬದಲಾಯಿಸಿ, ಒಂದು ಸಲ ಸೇಫ್ ಮೋಡಲ್ಲಿ ಎದ್ದ ಮೇಲೆ ಅದನ್ನು ವಾಪಸ್ ತೆಗೀಬೇಕು. ಬಿಟ್‌ಲಾಕರ್ ಇದ್ದರೆ ಅದಕ್ಕೂ ಮುಂಚೆ ಕೀ ಬರೆದಿಟ್ಟುಕೊಳ್ಳಿ, ಇಲ್ಲಾಂದ್ರೆ ಮತ್ತೆ ಅದೇ ನೀಲಿ ಪರದೆ.

ರಾತ್ರಿ ಒಂಬತ್ತಕ್ಕೆ ಮಿಂಟ್ ಬಂತು. ಅಪ್ಪ ಪದಗಳ ಫೈಲ್ ತೆರೆದರು. ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿಗಳ ಜಾತ್ರೆ. ನನಗೆ ಎದೆ ಮತ್ತೆ ಧಸಕ್ ಅಂತು, ಆಮೇಲೆ ನೆನಪಾಯ್ತು. ಹಳೇ ನುಡಿ ಫೈಲುಗಳು ಯೂನಿಕೋಡ್ ಅಲ್ಲ, ಫಾಂಟಿನ ವೇಷ ತೊಟ್ಟ ಇಂಗ್ಲಿಷ್ ಸಂಕೇತಗಳು. ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನು ತಂದು ಇಲ್ಲಿ ಹಾಕಿದೆ. ಮೇಟಿ, ಮಿಣಿ, ಕೂರಿಗೆ ಎಲ್ಲ ವಾಪಸ್ ಬಂದವು. ಕೀಲಿಮಣೆ ಪಟ್ಟಿಯಲ್ಲಿ ಕಗಪ ವಿನ್ಯಾಸವೂ ಇದೆ, ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಅದೇ ದಾರಿ. ಇನ್ನು ಮುಂದಿನದು ಯೂನಿಕೋಡಿನಲ್ಲೇ ಬರೀತಾರೆ. ಹಳೆಯದನ್ನು ಪರಿವರ್ತಿಸೋ ಕೆಲಸ ನಂದು.

ಬೆಂಗಳೂರಿಗೆ ಬಂದು ಮೂರು ದಿನಕ್ಕೆ ಫೋನ್. "ಲೋ, ಯಾವುದೋ ಹಳೇ ಫೈಲ್ ನೋಡೋಣ ಅಂತ ವಿಂಡೋಸ್‌ಗೆ ಹೋದೆ. ಬೆಳಿಗ್ಗೆ ಹತ್ತಕ್ಕೆ ನಾಲ್ಕೂವರೆ ತೋರಿಸ್ತಾ ಇದೆ." ಲಿನಕ್ಸ್ ಯಂತ್ರದೊಳಗಿನ ಗಡಿಯಾರವನ್ನು ಜಾಗತಿಕ ಸಮಯಕ್ಕೆ ಇಡುತ್ತೆ, ವಿಂಡೋಸ್ ಅದನ್ನೇ ನಮ್ಮೂರಿನ ಸಮಯ ಅಂದ್ಕೊಳ್ಳುತ್ತೆ. ನಮಗೆ ಸರಿಯಾಗಿ ಐದೂವರೆ ಗಂಟೆಯ ವ್ಯತ್ಯಾಸ. ಲಿನಕ್ಸಿನಲ್ಲಿ ಒಂದು ಸಾಲಿನ ಕಮಾಂಡ್, ಟೈಮ್‌ಡೇಟ್‌ಸಿಟಿಎಲ್. ಫೋನಿನಲ್ಲೇ ಒಂದೊಂದು ಅಕ್ಷರ ಹೇಳಿ ಟೈಪ್ ಮಾಡಿಸಿದೆ.

"ಆ ನಂಬರ್ ಬರೆದ ಹಾಳೆ ಎಲ್ಲಿಟ್ಟಿದ್ದೀರಾ?" ಅಂತ ಕೇಳಿದೆ.

"ಬೀರುವಲ್ಲಿ, ಪಹಣಿ ಜೊತೆ. ಅದಿರಲಿ, ಪ್ರಿಂಟರ್ ಯಾಕೋ ಮಾತಾಡ್ತಾ ಇಲ್ಲ, ಯಾವಾಗ ಬರ್ತೀಯಾ?"