ಮೇಲಿನ ಕಪಾಟಿನ ಪುಸ್ತಕ ಯಾರಿಗೆ?

ಆರು, ಏಳು, ಎಂಟನೇ ತರಗತಿಯ ಮಕ್ಕಳ ಕೈಗೆ ಎಂಥ ಪುಸ್ತಕ ಕೊಡಬೇಕು? ಎಂಥದ್ದು ಕೊಡಬಾರದು? ಬಿ.ಇಡಿ ಓದುತ್ತ, ಟಿಇಟಿಗೆ ತಯಾರಾಗುತ್ತಿರುವ ನಮ್ಮಂಥವರಿಗೆ ಇದು ಶಾಲೆಗೆ ಕಾಲಿಟ್ಟ ಮೊದಲ ವಾರವೇ ಎದುರಾಗುವ ಪ್ರಶ್ನೆ.

ನಾನು ಹೂವಿನಹಡಗಲಿ ತಾಲ್ಲೂಕಿನ ಮಾಗಳದವಳು. ಬೋಧನಾ ಅಭ್ಯಾಸಕ್ಕೆ ಹೋಗಿದ್ದ ಶಾಲೆಯೊಂದರಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಮಂಜಮ್ಮ ಜೋಗತಿ ಅವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಓದಲು ಕೇಳಿದಳು. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಪುಸ್ತಕವದು. ‘ಅದು ದೊಡ್ಡವರ ಪುಸ್ತಕ, ನಿನಗ್ಯಾಕವ್ವ?’ ಎಂದ ಹಿರಿಯ ಶಿಕ್ಷಕರು ಅದನ್ನು ಮೇಲಿನ ಕಪಾಟಿಗೆ ಸೇರಿಸಿದರು. ಅದೇ ವಾರದ ಕ್ವಿಜ್‌ನಲ್ಲಿ 2021ರ ಪದ್ಮಶ್ರೀ ಪಡೆದ ಜೋಗತಿ ನೃತ್ಯ ಕಲಾವಿದೆ ಯಾರು ಎಂಬ ಪ್ರಶ್ನೆ ಇತ್ತು. ಮಕ್ಕಳು ಹೆಸರನ್ನು ಬಾಯಿಪಾಠ ಮಾಡಬಹುದು, ಆ ಹೆಸರಿನ ಹಿಂದಿನ ಬದುಕನ್ನು ಓದಬಾರದು!

ಶಿಕ್ಷಕರ ಹಿಂಜರಿಕೆಯಲ್ಲಿ ಹುರುಳಿಲ್ಲ ಎನ್ನಲಾರೆ. ಮಂಜಮ್ಮನವರ ಬದುಕಿನಲ್ಲಿ ಮನೆಯವರ ತಿರಸ್ಕಾರವಿದೆ, ಲೈಂಗಿಕ ದೌರ್ಜನ್ಯವಿದೆ, ಆತ್ಮಹತ್ಯೆಯ ಯತ್ನವೂ ಇದೆ. ಹನ್ನೆರಡರ ಮಕ್ಕಳೆಲ್ಲ ಒಂದೇ ರೀತಿ ಬೆಳೆದಿರುವುದಿಲ್ಲ. ಒಬ್ಬಳಿಗೆ ಅರಿವು ಕೊಡುವ ಪುಟ ಇನ್ನೊಬ್ಬಳ ನಿದ್ದೆ ಕೆಡಿಸಬಹುದು. ನಡೆ, ನುಡಿ ಬೇರೆ ಇರುವ ಹುಡುಗನನ್ನು ಸಹಪಾಠಿಗಳು ಅದೇ ಪುಸ್ತಕದ ಹೆಸರಿಟ್ಟು ಗೇಲಿ ಮಾಡಲೂಬಹುದು. ಆದರೆ ಇಷ್ಟನ್ನೆಲ್ಲ ಯೋಚಿಸಬೇಕಾದವರು ಶಿಕ್ಷಕರು. ಕಪಾಟಿಗೆ ಬೀಗ ಹಾಕಿದರೆ ಯೋಚಿಸುವ ಕೆಲಸವೇ ತಪ್ಪುತ್ತದೆ.

ಹಾಗಂತ ನಮ್ಮ ಸೀಮೆಯ ಮಕ್ಕಳು ಏನೂ ಅರಿಯದವರೇ? ಪಡಲಿಗೆ ಹೊತ್ತು, ಚೌಡಿಕೆ ನುಡಿಸುತ್ತ ಮನೆ ಬಾಗಿಲಿಗೆ ಬರುವ ಜೋಗತಿಯರನ್ನು ಅವರು ಕೂಸಿದ್ದಾಗಿನಿಂದ ನೋಡಿದ್ದಾರೆ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ 1982ರಲ್ಲೇ ಬಂದಿದೆ. ಆದರೂ ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ ಕಡೆ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗಕ್ಕೆ ಬಂದಾಗ ಪೆನ್ನು ನಿಲ್ಲಿಸುವ ಮಕ್ಕಳಿದ್ದಾರೆ. ಬಾಲ್ಯವಿವಾಹದ ಮಾತು ಅಕ್ಕಂದಿರ ಮೂಲಕ ಕಿವಿಗೆ ಬಿದ್ದಿರುತ್ತದೆ. ಇನ್ನು ಮೊಬೈಲ್ ತೋರಿಸುವುದಕ್ಕೆ ವಯಸ್ಸಿನ ಲೆಕ್ಕವೇ ಇಲ್ಲ. ಮೊಬೈಲ್ ಜೊತೆ ಶಿಕ್ಷಕರಿರುವುದಿಲ್ಲ. ಪುಸ್ತಕದ ಜೊತೆ ಇರಬಹುದು.

ಈ ಗೊಂದಲ ನಮ್ಮೊಬ್ಬರದೇ ಅಲ್ಲ. ಆನ್ ಫ್ರಾಂಕ್ 13ನೇ ವಯಸ್ಸಿನಲ್ಲಿ ಬರೆಯಲಾರಂಭಿಸಿದ ದಿನಚರಿ 1947ರಲ್ಲಿ ಪ್ರಕಟವಾದಾಗ, ಅವಳು ತನ್ನ ದೇಹದ ಬಗ್ಗೆ ಬರೆದ ಕೆಲವು ಭಾಗಗಳನ್ನು ಕೈಬಿಡಲಾಗಿತ್ತು. ಅವು ಪುಸ್ತಕಕ್ಕೆ ಸೇರಿದ್ದು ದಶಕಗಳ ನಂತರ. ಹದಿಮೂರರ ಹುಡುಗಿ ಬರೆಯಬಲ್ಲದ್ದನ್ನು ಹದಿಮೂರರ ಹುಡುಗಿ ಓದಬಹುದೇ ಎಂದು ಜಗತ್ತು ಇನ್ನೂ ಜಗಳವಾಡುತ್ತಿದೆ.

ಹಾಗಾದರೆ ಏನು ಮಾಡಬಹುದು? ಮೊದಲು, ಶಿಕ್ಷಕರು ಪುಸ್ತಕವನ್ನು ಪೂರ್ತಿ ಓದಬೇಕು. ಹಿನ್ನುಡಿ ನೋಡಿ ಒಪ್ಪುವುದೂ ಬೇಡ, ಯಾರೋ ಹೇಳಿದರೆಂದು ತಳ್ಳುವುದೂ ಬೇಡ. ಎರಡನೆಯದು, ಆಯ್ಕೆ. ಕಲ್ಲುಕಂಬದ ಮಗುವೊಂದು ಬೆಳೆದದ್ದು, ಜೋಗತಿ ನೃತ್ಯ ಕಲಿತದ್ದು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, ಇವನ್ನು ತರಗತಿಯಲ್ಲಿ ಧಾರಾಳವಾಗಿ ಹೇಳಬಹುದು. ದೌರ್ಜನ್ಯದ ವಿವರ, ಸಾಯಲು ಹೊರಟ ಘಟನೆ ಇಡೀ ತರಗತಿಗೆ ಗಟ್ಟಿಯಾಗಿ ಓದುವಂಥವಲ್ಲ. ಮೂರನೆಯದು, ಎಸ್‌ಡಿಎಂಸಿ ಸಭೆಯಲ್ಲಿ ತಾಯಂದಿರಿಗೆ ಮೊದಲೇ ತಿಳಿಸುವುದು. ಒಲ್ಲೆ ಎಂದ ಮಗುವಿಗೆ ಬೇರೆ ಪುಸ್ತಕ ಕೊಡುವುದು. ಹೆಸರಿಲ್ಲದ ಚೀಟಿ ಹಾಕಲು ಒಂದು ಪ್ರಶ್ನೆ ಡಬ್ಬಿ ಇಟ್ಟರೆ ಕೇಳಲು ನಾಚುವವರೂ ಕೇಳುತ್ತಾರೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಇಂಥ ಪುಸ್ತಕ ಓದಿದ ಮೇಲೆ ಮಗುವೊಂದು ಬಂದು, ‘ಮಿಸ್, ನನಗೂ ಹಿಂಗಾಗೈತಿ’ ಎನ್ನಬಹುದು. ಆಗ ‘ಯಾರಿಗೂ ಹೇಳಬ್ಯಾಡ’ ಎನ್ನುವ ಶಿಕ್ಷಕರಿಗಿಂತ ಅಪಾಯಕಾರಿ ಪುಸ್ತಕ ಯಾವುದೂ ಇಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ತರಗತಿಯ ಗೋಡೆಯ ಮೇಲಿರಬೇಕು. ದೌರ್ಜನ್ಯಕ್ಕೊಂದು ಹೆಸರಿದೆ, ಅದು ತನ್ನ ತಪ್ಪಲ್ಲ ಎಂಬುದು ಮಗುವಿಗೆ ಮೊದಲು ತಿಳಿಯುವುದು ಕೆಲವೊಮ್ಮೆ ಪುಸ್ತಕದಿಂದಲೇ.

ನಾಳೆ ನಮ್ಮಲ್ಲಿ ಅನೇಕರು ಇದೇ ಸೀಮೆಯ ಶಾಲೆಗಳಿಗೆ ಮೇಷ್ಟ್ರು, ಮಿಸ್ ಆಗಿ ಹೋಗುತ್ತೇವೆ. ಟಿಇಟಿಗೆ ಶಿಶು ವಿಕಾಸದ ಸಿದ್ಧಾಂತಗಳನ್ನು ಉರು ಹೊಡೆಯುವ ನಡುವೆ, ಮಕ್ಕಳಿಗೆ ಕೊಡಲು ನಾವೇ ಅಂಜುವ ಒಂದು ಪುಸ್ತಕವನ್ನು ಪೂರ್ತಿ ಓದೋಣ. ಅದರ ಯಾವ ಪುಟ ಯಾವ ವಯಸ್ಸಿಗೆ, ಯಾಕೆ ಎಂದು ಗುರುತು ಹಾಕಿಕೊಳ್ಳೋಣ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಸಿಗಲಿಕ್ಕಿಲ್ಲ. ತರಗತಿಯಲ್ಲಿ ಮಾತ್ರ ಅದು ಖಂಡಿತ ಬೇಕಾಗುತ್ತದೆ.