ಹೋದ ವಿದ್ಯುತ್ತು ಮರಳಿ ಬರುವಾಗ

ಶಿವನಸಮುದ್ರದಲ್ಲಿ ಕಾವೇರಿಯ ನೀರು ವಿದ್ಯುತ್ತಾಗಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು 1902ರಲ್ಲಿ. ಬೆಂಗಳೂರಿನಲ್ಲಿ ಅದರ ದೀಪ ಬೆಳಗಿದ್ದು 1905ರಲ್ಲಿ. “ಕರೆಂಟು ಹೋಯಿತು!” ಎಂಬ ಉದ್ಗಾರಕ್ಕೂ ಹೆಚ್ಚುಕಡಿಮೆ ಅಷ್ಟೇ ವಯಸ್ಸಾಗಿರಬೇಕು. ದೀಪದ ಮಟ್ಟಿಗೆ ಅದರಿಂದ ದೊಡ್ಡ ನಷ್ಟವೇನಿಲ್ಲ. ಹೋದರೆ ಕತ್ತಲು, ಬಂದರೆ ಬೆಳಕು. ಕಂಪ್ಯೂಟರಿನ ಪ್ರಕೃತಿಯೇ ಬೇರೆ. ವಿದ್ಯುತ್ತು ಹೋಗುವಾಗ ಅದು ಅರ್ಧ ಬರೆದುದನ್ನು ಕಳೆದುಕೊಳ್ಳುತ್ತದೆ. ಬರುವಾಗ ಪ್ರಾಣವನ್ನೇ ಕಳೆದುಕೊಳ್ಳಬಹುದು. ನಾವಾದರೋ ಹೋದುದಕ್ಕೆ ಶಪಿಸಿ, ಬಂದುದಕ್ಕೆ ಚಪ್ಪಾಳೆ ತಟ್ಟುವವರು!

ಬರುವಿಕೆಯಲ್ಲಿ ಅಪಾಯವೇನೆಂದು ವಾಚಕರು ಕೇಳಬಹುದು. ಬೀದಿಗೆ ವಿದ್ಯುತ್ತು ಮರಳಿದ ಕ್ಷಣದಲ್ಲಿ ಮನೆಮನೆಯ ಫ್ರಿಜ್ಜುಗಳೂ ನೀರಿನ ಪಂಪುಗಳೂ ಒಮ್ಮೆಲೇ ಎದ್ದು ಕೂರುತ್ತವೆ. 230 ವೋಲ್ಟಿನಲ್ಲಿ ನೆಲೆಯಾಗಿರಬೇಕಾದ ಒತ್ತಡ ಕೆಲಕಾಲ ಏರಿಳಿಯುತ್ತದೆ. ಕಂಬದ ಮೇಲೆ ನ್ಯೂಟ್ರಲ್ ತಂತಿ ತುಂಡಾಗಿದ್ದರಂತೂ ಕೆಲವು ಮನೆಗಳಿಗೆ 400 ವೋಲ್ಟಿನ ಸಮೀಪಕ್ಕೆ ಏರುವುದೂ ಉಂಟು.

ನಮ್ಮ ಬೀದಿಯ ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ಹುಟ್ಟೂರಿನ ಮುದುಕಿಯೊಬ್ಬಳು ಹೇಳಿದ ಬೀಸುವ ಪದಗಳನ್ನು ಎರಡು ವರ್ಷ ಕುಳಿತು ಕಂಪ್ಯೂಟರಿಗೆ ಇಳಿಸಿದ್ದರು. ಭರಣಿ ಮಳೆಯ ಒಂದು ಸಂಜೆ ಕರೆಂಟು ಹೋಯಿತು. ಬಂತು, ಹೋಯಿತು, ಮತ್ತೆ ಬಂತು. ಮೂರನೆಯ ಸಲ ಸುಟ್ಟ ವಾಸನೆಯೂ ಬಂತು. ದುರಸ್ತಿಯವನು ಒಳಗಿನ ಪವರ್ ಸಪ್ಲೈ ಡಬ್ಬಿಯನ್ನು ಬದಲಿಸಿದ. ಮಾಹಿತಿಯಿದ್ದ ಡಿಸ್ಕು ಮಾತ್ರ ಎಚ್ಚರಗೊಳ್ಳಲಿಲ್ಲ. “ಯಂತ್ರ ಇನ್ನೊಂದು ಸಿಕ್ಕೀತು ಸ್ವಾಮಿ, ಆ ಅಜ್ಜಿ ಹೋಗಿ ಆರು ತಿಂಗಳಾಯಿತು” ಎಂದರು ಉಪಾಧ್ಯಾಯರು. ನನಗೆ ಉತ್ತರ ಹೊಳೆಯಲಿಲ್ಲ.

ಆದಕಾರಣ ಕರೆಂಟು ಹೋದೊಡನೆ ಮೊದಲು ಮಾಡತಕ್ಕ ಕೆಲಸವೆಂದರೆ ಮೇಣದಬತ್ತಿ ಹುಡುಕುವುದಲ್ಲ, ಕಂಪ್ಯೂಟರಿನ ಪ್ಲಗ್ಗನ್ನು ಗೋಡೆಯಿಂದ ಕೀಳುವುದು. ವಿದ್ಯುತ್ತು ಬಂದು ಐದು ನಿಮಿಷ ಸ್ಥಿರವಾಗಿ ನಿಂತ ಮೇಲೆ ಮತ್ತೆ ಚುಚ್ಚಿದರಾಯಿತು. ಸ್ವಿಚ್ಚು ಆರಿಸಿದರೆ ಸಾಲದೇ? ಸಿಡಿಲಿಗೆ ಸಾಲದು, ಸ್ವಿಚ್ಚಿನೊಳಗಿನ ಕಿರುಸಂದನ್ನು ಅದು ಹಾರಿಬಿಡಬಲ್ಲುದು. ಗುಡುಗು ದೂರದಲ್ಲಿರುವಾಗಲೇ ಪ್ಲಗ್ಗನ್ನೂ ಇಂಟರ್‌ನೆಟ್ಟಿನ ತಾಮ್ರದ ತಂತಿಯನ್ನೂ ಬಿಡಿಸಿಡಬೇಕು. ಸಿಡಿಲು ನೆತ್ತಿಯ ಮೇಲೆ ಆರ್ಭಟಿಸುವಾಗ ತಂತಿ ಮುಟ್ಟುವ ಸಾಹಸ ಬೇಡ.

ಯು.ಪಿ.ಎಸ್. ಎಂಬ ಪೆಟ್ಟಿಗೆಯ ವಿಷಯದಲ್ಲಿ ಒಂದು ಭ್ರಮೆ ಬಳಕೆಯಲ್ಲಿದೆ. ಸಾಮಾನ್ಯವಾದ 600 ವಿ.ಎ. ಪೆಟ್ಟಿಗೆ ಹತ್ತು-ಹದಿನೈದು ನಿಮಿಷ ಆಸರೆ ನೀಡೀತು. ಅದು ಕೆಲಸ ಮುಂದುವರಿಸುವುದಕ್ಕಲ್ಲ, ಬರೆದುದನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ಮುಚ್ಚುವುದಕ್ಕೆ. ಲೇಸರ್ ಪ್ರಿಂಟರನ್ನು ಅದಕ್ಕೆ ಜೋಡಿಸಬಾರದು. ಅದರ ಬ್ಯಾಟರಿಯೂ ಮೂರು ವರ್ಷದ ಸುಮಾರಿಗೆ ಮುಪ್ಪಾಗುತ್ತದೆ. ಲ್ಯಾಪ್‌ಟಾಪ್ ಉಳ್ಳವರಿಗೆ ಈ ಖರ್ಚಿಲ್ಲ. ಬ್ಯಾಟರಿ ಅದರ ಹೊಟ್ಟೆಯಲ್ಲೇ ಇದೆ. ಸ್ಪೈಕ್ ಬಸ್ಟರ್ ಎಂದು ಮಾರುವ ಪಟ್ಟಿಯೊಂದಿದ್ದರೆ ಅವರಿಗೆ ಸಾಕು. ಅದರೊಳಗಿನ ಪುಟ್ಟ ಬಿಲ್ಲೆ ಹೆಚ್ಚಿದ ಒತ್ತಡವನ್ನು ತಾನು ನುಂಗಿ ಯಂತ್ರವನ್ನು ಕಾಯುತ್ತದೆ. ನುಂಗಿ ನುಂಗಿ ತಾನೇ ಸವೆಯುತ್ತದೆ ಕೂಡ. ಹತ್ತು ವರ್ಷದ ಹಳೆಯ ಪಟ್ಟಿಯನ್ನು ನಂಬಿ ಕೂರುವಂತಿಲ್ಲ.

ಇವೆಲ್ಲಕ್ಕೂ ಆಧಾರ ಭೂಮಿತಾಯಿ, ಅರ್ಥಾತ್ ಅರ್ತಿಂಗ್. ಮೂರು ಕಡ್ಡಿಯ ಪ್ಲಗ್ಗು ಹಳೆಯ ಗೂಡಿಗೆ ಹಿಡಿಸದೆಂದು ದಪ್ಪ ಕಡ್ಡಿಯನ್ನೇ ಮುರಿದೆಸೆಯುವ ಜಾಣರು ನಮ್ಮಲ್ಲಿದ್ದಾರೆ. ಹೆಚ್ಚಿದ ವಿದ್ಯುತ್ತು ನೆಲಕ್ಕಿಳಿಯುವ ದಾರಿಯೇ ಅದು! ಸ್ವಂತ ಮನೆಯವರು ಬೇಸಗೆಯಲ್ಲಿ ಅರ್ತಿನ ಗುಂಡಿಗೆ ಎರಡು ಕೊಡ ನೀರು ಹೊಯ್ಯಲಿ. ಬಾಡಿಗೆಯವರು ಬಲ್ಲ ಎಲೆಕ್ಟ್ರಿಷಿಯನ್ನನಿಂದ ಅರ್ತ್ ಇದೆಯೇ ಎಂದು ಪರೀಕ್ಷಿಸಿಕೊಳ್ಳಲಿ.

ಉಪಾಧ್ಯಾಯರ ಹಾಡುಗಳನ್ನು ಉಳಿಸಬಹುದಾಗಿದ್ದ ವಸ್ತು ಮಾತ್ರ ಇವುಗಳಲ್ಲಿ ಯಾವುದೂ ಅಲ್ಲ, ಹೆಬ್ಬೆರಳ ಗಾತ್ರದ ಒಂದು ಪೆನ್ ಡ್ರೈವ್. ವಾರಕ್ಕೊಮ್ಮೆ ಅದಕ್ಕೊಂದು ಪ್ರತಿ ಮಾಡಿ, ಯಂತ್ರದಿಂದ ಕಿತ್ತು, ಮನೆಪತ್ರಗಳಿರುವ ಬೀರುವಿನಲ್ಲಿಡಬೇಕು. ಯಂತ್ರಕ್ಕೆ ಸಿಕ್ಕಿಸಿಯೇ ಬಿಟ್ಟರೆ ಯಂತ್ರದೊಡನೆ ಅದೂ ಸುಟ್ಟೀತು.